ಪತ್ರಿಕೆ ಓದುವುದು ಶಿಕ್ಷಣವೇ?

ಅಭ್ಯಾಸ ಬೋಧನೆಯ ಎರಡನೇ ವಾರ, ಎಂಟನೇ ತರಗತಿಗೆ ಸರಾಸರಿ ಕಲಿಸಲು ‘ಸಂಯುಕ್ತ ಕರ್ನಾಟಕ’ದ ಏಳು ದಿನಗಳ ಸಂಚಿಕೆ ಒಯ್ದಿದ್ದೆ. ಮಕ್ಕಳು ದಿನದ ಗರಿಷ್ಠ ಉಷ್ಣಾಂಶ ಹುಡುಕಿ ಬರೆಯಬೇಕಿತ್ತು. ಅವರು ಕ್ರಿಕೆಟ್, ಸಿನಿಮಾ, ಅಪಘಾತ ಎಲ್ಲವನ್ನೂ ಓದಿದರು. ಲೆಕ್ಕಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ಮೇಡಂ ಬರೆದರು: ‘ಓದಿದರು, ಸರಿ. ಏನು ಕಲಿತರು?’

ಅದೇ ತಾಸಿನಲ್ಲಿ ಒಬ್ಬ ಹುಡುಗಿ, “ಸರ್, ಸಂಯುಕ್ತ ಅಂದ್ರ ಏನ್ರಿ?” ಎಂದಿದ್ದಳು. ವಿಜ್ಞಾನದವನಾದ ನನಗೆ ಸಂಯುಕ್ತವೆಂದರೆ ನೀರು, ಅಡುಗೆ ಉಪ್ಪು! ಸಂಜೆ ಗ್ರಂಥಾಲಯದಲ್ಲಿ ಕುಳಿತೆ.

1930ರ ದಶಕದಲ್ಲಿ ಬೆಳಗಾವಿಯಿಂದ ಹೊರಟು ಹುಬ್ಬಳ್ಳಿಯಲ್ಲಿ ನೆಲೆಯೂರಿದ ದಿನಪತ್ರಿಕೆ ಇದು. ಆಗ ಬೆಳಗಾವಿ, ಧಾರವಾಡ ಮುಂಬೈ ಪ್ರಾಂತದಲ್ಲಿ, ಮಂಗಳೂರು ಮದ್ರಾಸಿನಲ್ಲಿ, ಕಲಬುರ್ಗಿ ನಿಜಾಮರಲ್ಲಿ. ಒಂದಾದ ಕರ್ನಾಟಕ ನಕ್ಷೆಗೆ ಬಂದದ್ದು 1956ರಲ್ಲಿ. ಪತ್ರಿಕೆಯ ತಲೆಬರಹದಲ್ಲಿ ಮಾತ್ರ ಅದು ಮೊದಲೇ ಇತ್ತು. ಹುಡುಗಿಗೆ ಉತ್ತರ ಸಿಕ್ಕಿತು.

ನನ್ನ ಉತ್ತರ ಬೇರೆ ಕಡೆ ಇತ್ತು. ಪತ್ರಿಕೆ ನಡೆಸಿದ್ದು 1935ರಲ್ಲಿ ಸ್ಥಾಪನೆಯಾದ ಲೋಕಶಿಕ್ಷಣ ಟ್ರಸ್ಟ್. ರಂಗನಾಥ ದಿವಾಕರರು ಅದರ ಟ್ರಸ್ಟಿ. ಜನರಿಗೆ ಶಿಕ್ಷಣ ಕೊಡುವುದೇ ಉದ್ದೇಶವೆಂದು ಟ್ರಸ್ಟ್ ಪತ್ರದಲ್ಲಿತ್ತು. ವಾಚನಾಲಯ, ಪತ್ರಿಕೆ ಅದಕ್ಕೆ ದಾರಿ. ಹಾಗಾದರೆ ಆದಾಯ ತೆರಿಗೆ ವಿನಾಯಿತಿ ಸಿಗಬೇಕಲ್ಲವೇ? ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

1975ರ ತೀರ್ಪು ನಮ್ಮ ಬಿ.ಇಡಿ. ತರಗತಿಯಲ್ಲೇ ಓದಬೇಕಾದದ್ದು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಹೇಳಿದ್ದರ ಸಾರ ಇಷ್ಟು: ಪ್ರವಾಸ ಹೋದರೂ ಪತ್ರಿಕೆ ಓದಿದರೂ ತಿಳಿವಳಿಕೆ ಹೆಚ್ಚುತ್ತದೆ, ಮೋಸ ಹೋದರೂ ಬುದ್ಧಿ ಬರುತ್ತದೆ, ಆದರೆ ಕಾಯ್ದೆ ಹೇಳುವ ‘ಶಿಕ್ಷಣ’ ಅದಲ್ಲ. ಅದು ವಿದ್ಯಾರ್ಥಿಗಳ ಜ್ಞಾನ, ಕೌಶಲ, ಮನಸ್ಸು, ಚಾರಿತ್ರ್ಯಗಳನ್ನು ಕ್ರಮಬದ್ಧ ಕಲಿಸುವಿಕೆಯಿಂದ ಬೆಳೆಸುವ ಕೆಲಸ. ಟ್ರಸ್ಟಿಗೆ ವಿನಾಯಿತಿ ಸಿಗಲಿಲ್ಲ.

ತೀರ್ಪು ತೆರಿಗೆಗಷ್ಟೇ ಸಂಬಂಧಿಸಿದ್ದು. ಪರಕೀಯ ಆಡಳಿತದಲ್ಲಿ ಶಾಲೆಯನ್ನೇ ಕಾಣದವನಿಗೆ ಯಾರೋ ಓದಿ ಹೇಳಿದ ಪತ್ರಿಕೆಯೇ ಪಾಠಶಾಲೆ ಎಂದು ನಾನು ಈಗಲೂ ವಾದಿಸುತ್ತೇನೆ. ಆದರೆ ನಲವತ್ತು ನಿಮಿಷದ ತಾಸಿಗೆ ಖನ್ನಾ ಅವರ ಮಾತೇ ಸರಿ. ಮೇಡಂ ಕೇಳಿದ್ದೂ ಅದನ್ನೇ.

ಮರುವಾರ ಪಾಠಯೋಜನೆ ಬದಲಿಸಿದೆ. ಪ್ರತಿ ಗುಂಪಿಗೆ ಹವಾಮಾನದ ಏಳು ತುಣುಕು ಮಾತ್ರ ಕತ್ತರಿಸಿ ಕೊಟ್ಟೆ. ಮೊದಲು ಅಂದಾಜು, ಆಮೇಲೆ ಲೆಕ್ಕ, ನಂತರ ಒಂದು ದಿನದ ಅಂಕಿ ಬದಲಿಸಿದರೆ ಸರಾಸರಿ ಎಷ್ಟು ಸರಿಯುತ್ತದೆಂಬ ಪ್ರಶ್ನೆ. ಕೊನೆಯ ಐದು ನಿಮಿಷ ಇಡೀ ಪತ್ರಿಕೆ ಕೈಗಿತ್ತು ಸುಮ್ಮನೆ ನಿಂತೆ. ಆ ಐದು ನಿಮಿಷವನ್ನು ಯೋಜನೆಯ ಯಾವ ಕಾಲಂನಲ್ಲಿ ಬರೆಯಬೇಕೆಂದು ಮೇಡಂ ಕೇಳಿದ್ದಾರೆ.