ಕುಕ್ಕರಿಗೆ ಜಾಸ್ತಿ ದುಡ್ಡು ಕೊಟ್ಟದ್ದು ದಂಡವೇ?

‘ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡ ಹಾಗೆ’ ಅಂತ ಗಾದೆ ಇದೆ. ಜೋಳ ಮುಗ್ಗಲಾದರೆ ಚೆಲ್ಲಿಬಿಡಬಹುದು. ಆದರೆ ಒಲೆಯ ಮೇಲಿಡುವ ಕುಕ್ಕರನ್ನು ಅಗ್ಗ ಅಂತ ತಂದರೆ ಏನಾಗುತ್ತದೆ? ತಿಳಿದುಕೊಳ್ಳೋಣ.

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಆಮೇಲೆ ಎಷ್ಟೇ ಉರಿ ಹಾಕಿದರೂ ನೀರಿನ ಬಿಸಿ ಏರುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೆ. ಕುಕ್ಕರಿನಲ್ಲಿ ಆವಿ ಒಳಗೇ ಉಳಿದು ಒತ್ತಡ ಹೆಚ್ಚುತ್ತದೆ. ಆಗ ನೀರು ಸುಮಾರು 120 ಡಿಗ್ರಿವರೆಗೆ ಬಿಸಿಯಾಗುತ್ತದೆ. ಅದಕ್ಕೇ ತೊಗರಿಬೇಳೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಆದರೆ ಆ ಒತ್ತಡ ತಡೆಯುವಷ್ಟು ಪಾತ್ರೆ ಗಟ್ಟಿಯಾಗಿರಬೇಕು.

ಕುಕ್ಕರಿನಲ್ಲಿ ಮೂರು ಭಾಗಗಳು ಮುಖ್ಯ.
1. ವಿಷಲ್: ಒತ್ತಡ ಹೆಚ್ಚಾದಾಗ ಮೇಲೆದ್ದು ಆವಿ ಬಿಡುತ್ತದೆ.
2. ಗ್ಯಾಸ್ಕೆಟ್: ಮುಚ್ಚಳದ ರಬ್ಬರ್ ಬಳೆ. ಆವಿ ಸೋರದಂತೆ ತಡೆಯುತ್ತದೆ.
3. ಸೇಫ್ಟಿ ವಾಲ್ವ್: ಇದರೊಳಗೆ ಬೇಗ ಕರಗುವ ಮಿಶ್ರಲೋಹ ಇರುತ್ತದೆ. ವಿಷಲಿನ ತೂತು ಕಟ್ಟಿಕೊಂಡರೆ ಅಥವಾ ನೀರು ಬತ್ತಿದರೆ ಅದು ಕರಗಿ ಆವಿಗೆ ದಾರಿ ಕೊಡುತ್ತದೆ.

ನಮ್ಮ ಮನೆಯ ಮೊದಲ ಕುಕ್ಕರನ್ನು ಜಾತ್ರೆಯಲ್ಲಿ 600 ರೂಪಾಯಿಗೆ ತಂದಿದ್ದರು. ತಗಡು ತೆಳ್ಳಗಿತ್ತು. ಒಂದೇ ವರ್ಷಕ್ಕೆ ತಳ ಉಬ್ಬಿತು, ಮುಚ್ಚಳ ಕೂರಲಿಲ್ಲ. ಹಿಡಿಕೆ ರಿಪೇರಿಗೆ 80 ರೂಪಾಯಿ ಬೇರೆ. ಕೊನೆಗೆ ಗುಜರಿಗೆ ಹಾಕಿದರು. ಆಮೇಲೆ ಅಮ್ಮ ಐಎಸ್‌ಐ ಗುರುತಿನ ಕುಕ್ಕರನ್ನು 1,500 ರೂಪಾಯಿ ಕೊಟ್ಟು ತಂದಳು. “ಒಂದು ಕುಕ್ಕರಿಗೆ ಇಷ್ಟೊಂದು ದುಡ್ಡಾ!” ಅಂತ ಅಜ್ಜಿ ಬೈದರು.

ಈಗ ಲೆಕ್ಕ ನೋಡಿ. ಹೊಸದು ಬಂದು 6 ವರ್ಷವಾಯಿತು. ಗ್ಯಾಸ್ಕೆಟ್ 3 ಸಲಕ್ಕೆ 300 ರೂಪಾಯಿ, ವಾಲ್ವ್ ಒಂದು ಸಲಕ್ಕೆ 50 ರೂಪಾಯಿ. ಒಟ್ಟು 1,850. ಅದನ್ನು 6ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 308 ರೂಪಾಯಿ. ಹಳೆಯದಕ್ಕೆ ಒಂದೇ ವರ್ಷಕ್ಕೆ 680! ಯಾವುದು ಅಗ್ಗ, ನೀವೇ ಹೇಳಿ.

ಲೆಕ್ಕಕ್ಕೆ ಸಿಗದ ಲಾಭ ಇನ್ನೊಂದಿದೆ. ಹೋದ ವರ್ಷ ಬೇಳೆಯ ಸಿಪ್ಪೆ ವಿಷಲಿನ ತೂತಿಗೆ ಸಿಕ್ಕಿಕೊಂಡಿತ್ತು. ಎಷ್ಟು ಹೊತ್ತಾದರೂ ಕುಕ್ಕರ್ ಕೂಗಲಿಲ್ಲ. ಇದ್ದಕ್ಕಿದ್ದ ಹಾಗೆ ‘ಬುಸ್’ ಅಂತ ವಾಲ್ವ್ ಕರಗಿ ಆವಿ, ಬೇಳೆ ಎಲ್ಲ ಮೇಲಕ್ಕೆ ಹಾರಿತು. ಮುಚ್ಚಳ ಮಾತ್ರ ಕದಲಲಿಲ್ಲ. ಪಕ್ಕದಲ್ಲೇ ರೊಟ್ಟಿ ತಟ್ಟುತ್ತಿದ್ದ ಅಮ್ಮನಿಗೆ ಏನೂ ಆಗಲಿಲ್ಲ. ಹೋದದ್ದು 50 ರೂಪಾಯಿಯ ವಾಲ್ವ್ ಒಂದೇ. ಆ ದಿನದಿಂದ ಅಜ್ಜಿ 1,500ರ ಮಾತು ಎತ್ತಿಲ್ಲ.

ಒಳ್ಳೆಯದನ್ನು ಗುರುತಿಸುವುದು ಹೇಗೆ? ಐಎಸ್‌ಐ ಗುರುತಿನ ಮೇಲೆ ‘ಐಎಸ್ 2347’ ಅಂತ ಇರಬೇಕು. ಅದು ಮನೆಬಳಕೆಯ ಕುಕ್ಕರಿನ ಮಾನಕದ ಸಂಖ್ಯೆ. ಗುರುತಿನ ಕೆಳಗೆ ‘ಸಿಎಂ/ಎಲ್’ ಎಂಬ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. 2021ರ ಫೆಬ್ರವರಿಯಿಂದ ಈ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ.

ಬೆಲೆ ಜಾಸ್ತಿ ಇದ್ದದ್ದೆಲ್ಲ ಒಳ್ಳೆಯದಲ್ಲ. ಬಣ್ಣಕ್ಕೆ, ಹೊಳಪಿಗೆ ದುಡ್ಡು ಸುರಿಯಬೇಕಾಗಿಲ್ಲ. ಆದರೆ ಬೆಂಕಿ, ಆವಿ, ಕರೆಂಟಿನ ಜೊತೆ ದಿನಾ ಕೆಲಸ ಮಾಡುವ ಸಾಮಾನಿಗೆ ನೂರು ರೂಪಾಯಿ ಹೆಚ್ಚಾದರೂ ಗಟ್ಟಿಯಾದದ್ದೇ ಇರಲಿ. ಕುಕ್ಕರ್ ಮುಚ್ಚುವ ಮೊದಲು ವಿಷಲಿನ ತೂತನ್ನು ಬೆಳಕಿಗೆ ಹಿಡಿದು ನೋಡಿ. ಇವತ್ತೇ ಮನೆಗೆ ಹೋಗಿ ನಿಮ್ಮ ಕುಕ್ಕರಿನ ಮೇಲೆ ಗುರುತು ಇದೆಯಾ ಅಂತ ನೋಡಿ ಬನ್ನಿ.