ಎಚ್ಚರಿಕೆಯ ಗಂಟೆಗೆ ಒಡೆಯರಾರು?

ಮನೆಯ ದೀಪವಾರಿದರೆ ಕತ್ತಲೆಯಾಗುವುದು. ಸ್ವಲ್ಪ ಹೊತ್ತು ಕಾದು ಮತ್ತೆ ಬೆಳಗಿಸಿಕೊಳ್ಳಬಹುದು. ಆದರೆ ಆಸ್ಪತ್ರೆಯಲ್ಲಿ ಯಂತ್ರದ ಬಲದಿಂದ ಉಸಿರಾಡುತ್ತಿರುವ ರೋಗಿಯ ಬಳಿ ವಿದ್ಯುತ್ತು ನಿಂತರೆ ಕಾಯುವುದಕ್ಕೆ ವೇಳೆಯಿರುವುದಿಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಸುಮಾರು 147 ಕಿಲೋಮೀಟರುಗಳ ತಂತಿಯ ಹಾದಿಯನ್ನು ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿದಾಗಲೂ ಅದು ನಾಡಿನವರಿಗೆಲ್ಲ ಒಂದು ಸೋಜಿಗವಾಗಿತ್ತು. ಇಂದು ಅದೇ ಶಕ್ತಿಯ ಮೇಲೆ ಆಸ್ಪತ್ರೆ, ಕುಡಿಯುವ ನೀರಿನ ಪಂಪು, ದೂರವಾಣಿ, ಬ್ಯಾಂಕು, ಸರಕಾರದ ದಫ್ತರ ಎಲ್ಲವೂ ನಿಂತಿವೆ. ಆಶ್ರಯವು ಇಷ್ಟು ಹೆಚ್ಚಿದ ಮೇಲೆ, ಮೂಲದ ಸರಬರಾಜು ತಪ್ಪಿದರೆ ಆಪತ್ಕಾಲಕ್ಕೊಂದು ಮೀಸಲು ಇರಲೇಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಸಂಸ್ಥೆಗಳು ಯು.ಪಿ.ಎಸ್. ಯಂತ್ರಗಳನ್ನೂ ಡೀಸೆಲ್ ಜನರೇಟರುಗಳನ್ನೂ ಕೊಂಡಿವೆ. ಕೊಂಡ ದಿನ ಪೂಜೆಯಾಗುತ್ತದೆ, ಹೂವಿನ ಹಾರ ಬೀಳುತ್ತದೆ, ದಾಸ್ತಾನಿನ ಪುಸ್ತಕದಲ್ಲಿ ಬಾಬು ಏರುತ್ತದೆ. ಆ ಬಳಿಕ ಆ ಯಂತ್ರವು ತನ್ನ ಸ್ಥಿತಿಯನ್ನು ತಾನೇ ಕೂಗಿ ಹೇಳುವಾಗ ಅದನ್ನು ಕೇಳತಕ್ಕವರು ಯಾರು? ಈ ಪ್ರಶ್ನೆಗೆ ಬಹುಪಾಲು ಕಚೇರಿಗಳಲ್ಲಿ ಉತ್ತರವಿಲ್ಲ. ಈ ಲೇಖನದ ವಿಷಯವು ಅದೇ.

ಮೊದಲು ಈ ಏರ್ಪಾಡಿನ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಮೀಸಲು ವಿದ್ಯುತ್ತು ಸಾಮಾನ್ಯವಾಗಿ ಎರಡು ಹಂತದ್ದು. ಸರಬರಾಜು ನಿಂತ ಕ್ಷಣದಲ್ಲಿಯೇ ಯು.ಪಿ.ಎಸ್. ತನ್ನ ಬ್ಯಾಟರಿಗಳಿಂದ ಭಾರವನ್ನು ಹೊರುತ್ತದೆ. ಆದರೆ ಬ್ಯಾಟರಿಯ ಬಲವು ಮಿತವಾದದ್ದು. ಅನೇಕ ಕಡೆಗಳಲ್ಲಿ ಅದು ನಿಮಿಷಗಳ ಲೆಕ್ಕದ್ದು. ಆ ನಿಮಿಷಗಳೊಳಗೆ ಜನರೇಟರು ಹೊತ್ತಿಕೊಂಡು, ವೇಗವನ್ನು ಪಡೆದು, ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಳ್ಳಬೇಕು. ಸೇತುವೆಯಿಲ್ಲದೆ ಹೊಳೆಯ ಆಚೆಯ ದಡವನ್ನು ಸೇರಲಾಗದು. ಆಚೆಯ ದಡವೇ ಇಲ್ಲದಿದ್ದರೆ ಸೇತುವೆಯಿಂದಲೂ ಪ್ರಯೋಜನವಿಲ್ಲ.

ಈ ಯಂತ್ರಗಳು ಮೂಕವಲ್ಲ. ಭಾರವು ಬ್ಯಾಟರಿಯ ಮೇಲೆ ಬಿದ್ದಿದೆಯೆಂದೂ, ಬ್ಯಾಟರಿಯು ಬರಿದಾಗುತ್ತಿದೆಯೆಂದೂ, ಅದಕ್ಕೆ ಮುಪ್ಪು ಬಂದಿದೆಯೆಂದೂ, ಶಕ್ತಿಮೀರಿದ ಭಾರವನ್ನು ಹೊರಿಸಲಾಗಿದೆಯೆಂದೂ ಯು.ಪಿ.ಎಸ್. ಬೇರೆ ಬೇರೆ ಸದ್ದುಗಳಿಂದಲೂ ದೀಪಗಳಿಂದಲೂ ತಿಳಿಸುತ್ತದೆ. ಎಣ್ಣೆಯ ಒತ್ತಡ ಕುಗ್ಗಿದರೆ, ನೀರು ಅತಿಯಾಗಿ ಕಾದರೆ, ಎಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿ ಸೊರಗಿದರೆ ಜನರೇಟರು ಸೂಚನೆ ಕೊಡುತ್ತದೆ. ಇವುಗಳಲ್ಲಿ ಎರಡು ಸೂಚನೆಗಳು ವಿಶೇಷವಾಗಿ ಮೋಸಗೊಳಿಸತಕ್ಕವು. ಯು.ಪಿ.ಎಸ್. ‘ಬೈಪಾಸ್’ ಸ್ಥಿತಿಯಲ್ಲಿದ್ದಾಗ ಹೊರಗಿನ ವಿದ್ಯುತ್ತೇ ನೇರವಾಗಿ ಒಳಕ್ಕೆ ಹರಿಯುತ್ತಿರುತ್ತದೆ. ದೀಪಗಳು ಉರಿಯುತ್ತವೆ, ಯಂತ್ರಗಳು ನಡೆಯುತ್ತವೆ, ಎಲ್ಲವೂ ಕ್ಷೇಮವೆಂದೇ ತೋರುತ್ತದೆ. ರಕ್ಷಣೆ ಮಾತ್ರ ಇರುವುದಿಲ್ಲ. ಹಾಗೆಯೇ, ದುರಸ್ತಿಗೆ ಬಂದವನು ಜನರೇಟರಿನ ಗುಂಡಿಯನ್ನು ‘ಆಟೋ’ ಸ್ಥಾನದಿಂದ ತಿರುಗಿಸಿ, ಕೆಲಸ ಮುಗಿದ ಮೇಲೆ ಮರಳಿ ಅಲ್ಲಿಗೆ ತರದೆ ಹೋದರೆ, ಕರೆಂಟು ಹೋದಾಗ ಆ ಯಂತ್ರವು ತಾನಾಗಿ ಏಳುವುದಿಲ್ಲ. ಒಂದು ಸಣ್ಣ ದೀಪವು ಈ ಸಂಗತಿಯನ್ನು ವಾರಗಟ್ಟಲೆ ತೋರಿಸುತ್ತಿರಬಹುದು. ನೋಡುವ ಕಣ್ಣಿಲ್ಲದಿದ್ದರೆ ಫಲವೇನು?

ಬ್ಯಾಟರಿಯ ಮುಪ್ಪಿನ ವಿಷಯವನ್ನು ಇನ್ನಷ್ಟು ವಿವರಿಸಬೇಕು. 12 ವೋಲ್ಟಿನ ಒಂದು ಸೀಸದ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಇಂಥ ಅನೇಕ ಬ್ಯಾಟರಿಗಳನ್ನು ಸರಪಣಿಯಂತೆ ಜೋಡಿಸಿರುತ್ತಾರೆ. ಒಂದು ಕೊಂಡಿ ಕಳಚಿದರೆ ಸರಪಣಿಯೇ ಹೋಯಿತು. ಸೊರಗಿದ ಬ್ಯಾಟರಿಯು ವಿಶ್ರಾಂತಿಯಲ್ಲಿರುವಾಗ ಸರಿಯಾದ ವೋಲ್ಟುಗಳನ್ನೇ ತೋರಿಸಬಹುದು. ಭಾರವನ್ನು ಹೊರಿಸಿದಾಗಲೇ ಅದರ ನಿಜಸ್ಥಿತಿ ಬಯಲಾಗುವುದು. ಇದಲ್ಲದೆ, ಸುಮಾರು 25 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆಂದು ಮಾಡಿದ ಸೀಸದ ಬ್ಯಾಟರಿಯ ಆಯುಸ್ಸು, ಆ ಮಿತಿಯ ಮೇಲೆ ಹತ್ತು ಡಿಗ್ರಿ ಏರಿದರೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆಂದು ತಜ್ಞರು ಗಣಿಸುತ್ತಾರೆ. ರಾಯಚೂರು, ಕಲಬುರಗಿಗಳ ಬೇಸಿಗೆಯನ್ನು ಬಲ್ಲವರಿಗೆ, ಗಾಳಿಯಾಡದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬ್ಯಾಟರಿಗಳನ್ನು ಕೂಡಿಹಾಕುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಬಡ ದೇಶಗಳ ತೊಂದರೆಗಳೆಂದು ಕೆಲವರು ಎಣಿಸಬಹುದು. ಸಂಪನ್ನ ದೇಶಗಳ ಅನುಭವವು ಆ ಎಣಿಕೆಯನ್ನು ಸುಳ್ಳು ಮಾಡುತ್ತದೆ. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುವಿದ್ಯುತ್ ಕೇಂದ್ರದಲ್ಲಿ 2006ನೆಯ ಜುಲೈ 25ರಂದು, ಹೊರಗಿನ ಸ್ವಿಚ್‌ಯಾರ್ಡಿನಲ್ಲಿ ಉಂಟಾದ ಒಂದು ದೋಷದಿಂದ ವೋಲ್ಟು ಏರುಪೇರಾಗಿ, ನಾಲ್ಕು ಯು.ಪಿ.ಎಸ್. ಸಾಲುಗಳಲ್ಲಿ ಎರಡು ಕೈಕೊಟ್ಟವು. ಅವನ್ನು ನೆಚ್ಚಿಕೊಂಡಿದ್ದ ಎರಡು ಡೀಸೆಲ್ ಯಂತ್ರಗಳೂ ತಾವಾಗಿ ಕೆಲಸಕ್ಕೆ ಬರಲಿಲ್ಲ. ನಿಯಂತ್ರಣ ಕೊಠಡಿಯ ಸೂಚಕಗಳಲ್ಲಿ ಒಂದು ಭಾಗವೂ ಅದೇ ಮೂಲದಿಂದ ವಿದ್ಯುತ್ತನ್ನು ಪಡೆಯುತ್ತಿದ್ದುದರಿಂದ, ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಅವು ಕುರುಡಾದವು. ಉಳಿದ ಎರಡು ಸಾಲುಗಳು ನಿಂತದ್ದರಿಂದ ಸ್ಥಾವರವು ಕ್ಷೇಮವಾಗಿ ಉಳಿಯಿತು; ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ನೌಕರರು ಕೈಯಿಂದಲೇ ಮಿಕ್ಕ ಯಂತ್ರಗಳನ್ನು ಜೋಡಿಸಿದರು. ನಾಲ್ಕು ಮೀಸಲುಗಳಿದ್ದರೂ ನಾಲ್ಕೂ ಒಂದೇ ಬಗೆಯವಾದರೆ, ಒಂದೇ ಹೊಡೆತವು ಎಲ್ಲಕ್ಕೂ ತಗಲಬಹುದೆಂಬುದು ಇದರ ಪಾಠ.

ಅಮೆರಿಕದಲ್ಲಿ 2003ನೆಯ ಆಗಸ್ಟ್ 14ರಂದು ನಡೆದ ಸಂಗತಿಯು ಇನ್ನೂ ಬೋಧಪ್ರದವಾದದ್ದು. ಓಹಾಯೋ ಪ್ರಾಂತದ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ ಎರಡು ಗಂಟೆಯ ತರುವಾಯ ಎಚ್ಚರಿಕೆ ಕೊಡತಕ್ಕ ಗಣಕ ವ್ಯವಸ್ಥೆಯೇ ಸದ್ದಿಲ್ಲದೆ ನಿಂತುಹೋಯಿತು. ಗಂಟೆ ಬಾರಿಸಲಿಲ್ಲವಾದ್ದರಿಂದ ನೌಕರರು ಎಲ್ಲವೂ ಸುಗಮವೆಂದು ತಿಳಿದರು. ತಂತಿಗಳು ಮರಗಳಿಗೆ ತಾಗಿ ಒಂದೊಂದಾಗಿ ಕಳಚಿಕೊಳ್ಳುತ್ತಿದ್ದವು. ನೆರೆಯ ಸಂಸ್ಥೆಗಳಿಂದ ದೂರವಾಣಿಯಲ್ಲಿ ಸುದ್ದಿ ಬಂದರೂ, ತಮ್ಮ ಪರದೆಯಲ್ಲಿ ಏನೂ ಕಾಣದೆಂಬ ಕಾರಣದಿಂದ ಅದನ್ನು ಬೇಗನೆ ನಂಬಲಿಲ್ಲ. ನಾಲ್ಕು ಗಂಟೆ ದಾಟುವಷ್ಟರಲ್ಲಿ ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನರು ಕತ್ತಲೆಗೆ ಬಿದ್ದರು. ಆದುದರಿಂದ ಕಾವಲುಗಾರನು ಎಚ್ಚರವಾಗಿದ್ದಾನೆಯೇ ಎಂದು ನೋಡಲು ಇನ್ನೊಬ್ಬ ಕಾವಲುಗಾರನು ಬೇಕು. ಮೌನವನ್ನು ಕ್ಷೇಮವೆಂದು ಭಾವಿಸಕೂಡದು.

ನ್ಯೂಯಾರ್ಕ್ ನಗರಕ್ಕೆ 2012ನೆಯ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತವು ಅಪ್ಪಳಿಸಿದಾಗ, ಒಂದು ದೊಡ್ಡ ವೈದ್ಯಕೀಯ ಕೇಂದ್ರದಲ್ಲಿ ಮೀಸಲು ವಿದ್ಯುತ್ತು ಕೈಕೊಟ್ಟಿತು. ಎಣ್ಣೆಯನ್ನೆತ್ತುವ ಪಂಪುಗಳು ನೆಲಮಾಳಿಗೆಯಲ್ಲಿದ್ದು, ಅಲ್ಲಿಗೆ ನೀರು ನುಗ್ಗಿತ್ತು. ಸುಮಾರು 300 ರೋಗಿಗಳನ್ನು ಕತ್ತಲೆಯ ಮೆಟ್ಟಿಲುಗಳ ಮೇಲೆ ಇಳಿಸಬೇಕಾಯಿತು. ಅವರಲ್ಲಿ ವಿಶೇಷ ಶುಶ್ರೂಷೆಯಲ್ಲಿದ್ದ 20 ಮಂದಿ ನವಜಾತ ಶಿಶುಗಳಿದ್ದರು. ದಾದಿಯರು ಶಿಶುಗಳನ್ನು ಎದೆಗವಚಿಕೊಂಡು, ಕೈಯಿಂದ ಗಾಳಿಚೀಲವನ್ನು ಒತ್ತುತ್ತ ಉಸಿರನ್ನು ಉಳಿಸಿದರು. ಯಂತ್ರವು ಸೋತಲ್ಲಿ ಗೆದ್ದದ್ದು ಅಭ್ಯಾಸವಾದ ಕೈ.

ನಮ್ಮ ದೇಶದಲ್ಲಿಯೂ ಇಂಥ ಪರೀಕ್ಷೆ ನಡೆದಿದೆ. 2012ನೆಯ ಜುಲೈ 30 ಮತ್ತು 31ರಂದು ಉತ್ತರ ಹಾಗೂ ಪೂರ್ವ ಭಾರತದ ಜಾಲಗಳು ಕುಸಿದವು. ಎರಡನೆಯ ದಿನದ ಕುಸಿತವು ಸುಮಾರು 60 ಕೋಟಿ ಜನರು ವಾಸಿಸುವ ಪ್ರದೇಶವನ್ನು ಮುಟ್ಟಿತು. ರೈಲುಗಳು ನಿಂತವು, ಪಶ್ಚಿಮ ಬಂಗಾಳದ ಕಲ್ಲಿದ್ದಲ ಗಣಿಗಳಲ್ಲಿ ಕಾರ್ಮಿಕರು ನೆಲದಡಿಯಲ್ಲಿ ಸಿಲುಕಿಕೊಂಡರು. ಆಗ ದಕ್ಷಿಣದ ಜಾಲವು ಪ್ರತ್ಯೇಕವಾಗಿದ್ದುದರಿಂದ ಕರ್ನಾಟಕವು ಆ ವಿಪತ್ತಿನಿಂದ ಪಾರಾಯಿತು. 2013ನೆಯ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ಅದೇ ಜಾಲದೊಡನೆ ಕೂಡಿತು. ಕೂಡುವಿಕೆಯಿಂದ ಲಾಭಗಳು ಬಹಳ. ಆದರೆ ದೂರದ ದೋಷವು ನಮ್ಮ ಬಾಗಿಲಿಗೂ ಬರಬಹುದೆಂಬುದು ಅದರೊಡನೆಯೇ ಬಂದ ಹೊಣೆ. ಊರಿನ ಆಸ್ಪತ್ರೆಯ ಮೀಸಲು ಸಿದ್ಧವಾಗಿರಬೇಕೆನ್ನುವುದು ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಗಂಟೆಗಳು ಸಾಕಷ್ಟಿವೆಯಲ್ಲವೆ ಎಂದರೆ, ಅತಿಯಾದುದೇ ಒಂದು ರೋಗವಾಗಿದೆ. ‘ತೋಳ ಬಂತು, ತೋಳ’ ಎಂದು ದಿನವೂ ಕೂಗಿದ ಹುಡುಗನ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆಯೊಂದು 2013ರಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ, ರೋಗಿಗಳ ಬಳಿಯ ಯಂತ್ರಗಳ ಎಚ್ಚರಿಕೆಗಳಲ್ಲಿ ನೂರಕ್ಕೆ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯೂ ಬೇಕಿರಲಿಲ್ಲ. ಆ ಸದ್ದುಗಳಿಗೆ ಕಿವಿ ಒಗ್ಗಿಹೋದುದರಿಂದ, ನಿಜವಾದ ಆಪತ್ತಿನ ಸದ್ದೂ ಅವುಗಳಲ್ಲಿ ಕಳೆದುಹೋಗಬಲ್ಲದು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಎಚ್ಚರಿಕೆಗಳಿಗೆ ಸಂಬಂಧಿಸಿದ 98 ಪ್ರಸಂಗಗಳು ಆ ಸಂಸ್ಥೆಗೆ ವರದಿಯಾಗಿದ್ದು, ಅವುಗಳಲ್ಲಿ 80 ಸಾವಿನಲ್ಲಿ ಮುಗಿದವು. ನಮ್ಮ ಕಚೇರಿಗಳಲ್ಲಿ ಯು.ಪಿ.ಎಸ್. ‘ಪೀ ಪೀ’ ಎಂದೊಡನೆ ಯಾರೋ ಎದ್ದುಹೋಗಿ ಸದ್ದಡಗಿಸುವ ಗುಂಡಿಯನ್ನು ಒತ್ತಿ ಬರುವುದು ಇದೇ ವ್ಯಾಧಿಯ ಸೌಮ್ಯರೂಪ. ಸದ್ದು ಅಡಗಿತು, ಕಾರಣ ಹಾಗೆಯೇ ಉಳಿಯಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತಿಯೊಂದು ಎಚ್ಚರಿಕೆಗೂ ಹಗಲಿಗೊಬ್ಬ, ರಾತ್ರಿಗೊಬ್ಬ, ಹಬ್ಬದ ರಜೆಗೊಬ್ಬ ಹೆಸರಿರುವ ಹೊಣೆಗಾರನಿರಬೇಕು. ‘ಸಂಬಂಧಪಟ್ಟವರು ಗಮನಿಸತಕ್ಕದ್ದು’ ಎಂಬ ಒಕ್ಕಣೆಯಿಂದ ಯಾರೂ ಸಂಬಂಧಪಡುವುದಿಲ್ಲ. ಅವನು ನಿಗದಿಯಾದ ನಿಮಿಷಗಳಲ್ಲಿ ಓಗೊಡದಿದ್ದರೆ ಸೂಚನೆಯು ತಾನಾಗಿಯೇ ಮೇಲಿನವನಿಗೆ ಹೋಗಬೇಕು. ಈ ಮಾರ್ಗವು ನಮಗೆ ಅಪರಿಚಿತವಲ್ಲ. ಲಸಿಕೆಗಳನ್ನು 2ರಿಂದ 8 ಡಿಗ್ರಿಗಳ ನಡುವೆ ಕಾಪಾಡಬೇಕಾದ ಶೀತಪೆಟ್ಟಿಗೆಗಳಿಗೆಂದು ಭಾರತ ಸರಕಾರವು 2015ರಿಂದ ನಡೆಸಿಕೊಂಡು ಬಂದಿರುವ ‘ಇ-ವಿನ್’ ಏರ್ಪಾಡಿನಲ್ಲಿ, ಶಾಖವು ಮಿತಿಮೀರಿದರೆ ಅದನ್ನು ನೋಡಿಕೊಳ್ಳುವ ಸಿಬ್ಬಂದಿಯ ಮೊಬೈಲಿಗೇ ಸಂದೇಶ ಹೋಗುತ್ತದೆ. ಲಸಿಕೆಗೆ ಸಾಧ್ಯವಾದುದು ಶಸ್ತ್ರಕ್ರಿಯೆಯ ಕೋಣೆಗೆ ಸಾಧ್ಯವಾಗದೆ?

ಎರಡನೆಯದಾಗಿ, ಗಂಟೆ ಬಾರಿಸಿದಾಗ ಮಾಡಬೇಕಾದ ಕೆಲಸವನ್ನು ಮೊದಲೇ ಬರೆದು, ಕನ್ನಡದಲ್ಲಿ, ಯಂತ್ರದ ಬಳಿಯಲ್ಲಿಯೇ ತೂಗುಹಾಕಬೇಕು. ಸೂಚನೆ ಯಾವುದೆಂದು ಓದುವುದು; ಬ್ಯಾಟರಿಯಲ್ಲಿ ಎಷ್ಟು ನಿಮಿಷ ಉಳಿದಿದೆಯೆಂದು ನೋಡುವುದು; ಜನರೇಟರು ಎದ್ದಿದೆಯೇ ಎಂದು ಪರೀಕ್ಷಿಸುವುದು; ಏಳದಿದ್ದರೆ ತಿಳಿದವನು ಕೈಯಿಂದ ಚಾಲೂ ಮಾಡುವುದು; ಅಷ್ಟರಲ್ಲಿ ತಂಪುಯಂತ್ರಗಳಂಥ ಅನವಶ್ಯಕ ಭಾರಗಳನ್ನು ಕಳಚುವುದು; ವಾರ್ಡುಗಳಿಗೆ ಕೂಡಲೇ ತಿಳಿಸಿ ದಾದಿಯರ ಕೈಗೆ ಗಾಳಿಚೀಲಗಳು ಬರುವಂತೆ ಮಾಡುವುದು; ಕೊನೆಗೆ ವೇಳೆಸಮೇತ ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯುವುದು. ಈ ಕ್ರಮವು ಬಾಯಿಪಾಠವಾಗಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ಇಲ್ಲಿ ನಡೆಯದು.

ಮೂರನೆಯದಾಗಿ, ಮೀಸಲನ್ನು ಭಾರಸಮೇತ ಪರೀಕ್ಷಿಸುತ್ತಿರಬೇಕು. ಆಪತ್ಕಾಲದ ಡೀಸೆಲ್ ಯಂತ್ರಗಳನ್ನು ತಿಂಗಳಿಗೊಮ್ಮೆ, ಅವುಗಳ ಸಾಮರ್ಥ್ಯದ ನೂರಕ್ಕೆ 30ರಷ್ಟಾದರೂ ಭಾರ ಹೊರಿಸಿ 30 ನಿಮಿಷ ನಡೆಸಬೇಕೆಂಬುದು ಅಮೆರಿಕದ ಅಗ್ನಿರಕ್ಷಣಾ ನಿಯಮ. ಬರಿದೇ ಐದು ನಿಮಿಷ ಗುಡುಗಿಸಿ ನಿಲ್ಲಿಸಿದರೆ ಎಂಜಿನ್ನಿಗೆ ಕೇಡೇ ಹೊರತು ನಮಗೆ ಜ್ಞಾನವಿಲ್ಲ. ಅದೇ ದಿನ ಎಚ್ಚರಿಕೆಯ ಗಂಟೆಯೂ ಬಾರಿಸುವುದೇ, ಸಂದೇಶವು ಸರಿಯಾದ ದೂರವಾಣಿಗೆ ಹೋಗುವುದೇ ಎಂಬುದನ್ನೂ ನೋಡಬೇಕು. ವರ್ಗವಾಗಿ ಹೋದ ನೌಕರನ ಸಂಖ್ಯೆಗೇ ಸಂದೇಶ ಹೋಗುತ್ತಿದ್ದರೆ ಅದು ಪರೀಕ್ಷೆಯಲ್ಲಿ ತಿಳಿಯಲಿ, ಆಪತ್ತಿನಲ್ಲಿ ಬೇಡ. ಪದೇ ಪದೇ ಬರುವ ಸುಳ್ಳು ಸೂಚನೆಯ ಮೂಲವನ್ನು ಹುಡುಕಿ ಸರಿಪಡಿಸುವುದೂ ಇದೇ ಕೆಲಸದ ಭಾಗ.

ಇದಕ್ಕೆಲ್ಲ ಹಣವೆಲ್ಲಿದೆಯೆಂದು ಅಧಿಕಾರಿಗಳು ಕೇಳುವುದು ಸಹಜ. ಯಂತ್ರವನ್ನು ಕೊಳ್ಳುವುದಕ್ಕೆ ಹಣ ದೊರೆತು, ಬ್ಯಾಟರಿ ಬದಲಿಸುವುದಕ್ಕೆ ದೊರೆಯದಿದ್ದರೆ, ಮೊದಲ ವೆಚ್ಚವೇ ವ್ಯರ್ಥವಾದಂತಾಯಿತು. ಕಟ್ಟಡ ಮತ್ತು ಯಂತ್ರಗಳು ಉದ್ಘಾಟನೆಗೆ ಒದಗುತ್ತವೆ, ಬ್ಯಾಟರಿಯ ಬದಲಾವಣೆಗೆ ಯಾರೂ ನಾಡದೀಪ ಹಚ್ಚುವುದಿಲ್ಲ. ಆದಕಾರಣವೇ ಅದು ಆಯವ್ಯಯದ ಪಟ್ಟಿಯಲ್ಲಿ ಹಿಂದೆ ಬೀಳುತ್ತದೆ. ಮೀಸಲು ಯಂತ್ರವನ್ನು ಮಂಜೂರು ಮಾಡುವ ಆಜ್ಞೆಯಲ್ಲಿಯೇ ಅದರ ವಾರ್ಷಿಕ ರಕ್ಷಣೆಯ ವೆಚ್ಚವೂ, ಹೊಣೆಗಾರನ ಹುದ್ದೆಯೂ ನಮೂದಾಗತಕ್ಕದ್ದು. ಲೆಕ್ಕ ತಪಾಸಣೆಗೆ ಬರುವವರು ಯಂತ್ರ ಇದೆಯೇ ಎಂದು ಎಣಿಸಿದರೆ ಸಾಲದು. ಕಳೆದ ತಿಂಗಳು ಅದು ಭಾರವನ್ನು ಹೊತ್ತ ದಾಖಲೆಯನ್ನೂ ಕೇಳಬೇಕು.

ನಾಗರಿಕರಿಗೂ ಇಲ್ಲಿ ಕರ್ತವ್ಯವುಂಟು. ಆಸ್ಪತ್ರೆಯ ಸಲಹಾ ಸಮಿತಿಗಳಲ್ಲಿ, ಪುರಸಭೆಗಳಲ್ಲಿ, ಸಹಕಾರ ಸಂಘಗಳಲ್ಲಿ ಕುಳಿತಿರುವ ಮಹನೀಯರು ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಲಿ: ನಮ್ಮ ಮೀಸಲು ವಿದ್ಯುತ್ತನ್ನು ಕಡೆಯ ಬಾರಿ ಭಾರಸಮೇತ ಪರೀಕ್ಷಿಸಿದ್ದು ಯಾವಾಗ? ಬ್ಯಾಟರಿಗಳ ವಯಸ್ಸೆಷ್ಟು? ಈ ರಾತ್ರಿ ಎರಡು ಗಂಟೆಗೆ ಎಚ್ಚರಿಕೆಯಾದರೆ ಎದ್ದು ಬರುವವನ ಹೆಸರೇನು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಆ ಸಂಸ್ಥೆಯ ಆಡಳಿತವು ಸುಸ್ಥಿತಿಯಲ್ಲಿದೆಯೆಂದು ನಂಬಬಹುದು. ಮೂರನೆಯದಕ್ಕೆ ಉತ್ತರ ಬಾರದಿದ್ದರೆ, ಆ ಹೆಸರನ್ನು ಗೊತ್ತುಪಡಿಸದೆ ಸಭೆಯು ಏಳಕೂಡದು.