ಮೂರು ಬಗೆಯ ಪಾಠ: ಹೈಸ್ಕೂಲಿನ ಮಕ್ಕಳಿಗೆ ಯಾವುದು ಹಿತ?

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಚಿಂತೆಗೆ ಕೊರತೆಯಿರುವದಿಲ್ಲ. ಎಂಟನೆಯ ಇಯತ್ತೆಯಿಂದ ಹತ್ತನೆಯ ಇಯತ್ತೆಯ ವರೆಗಿನ ಮೂರು ವರುಷಗಳು ಬಲು ನಾಜೂಕಾದ ಕಾಲವು. ಈ ವಯಸ್ಸಿನ ಹುಡುಗನು ತಾನಾಗಿ ಓದಬಲ್ಲನು. ಆದರೆ ತಾನಾಗಿ ಓದಲು ಕುಳಿತುಕೊಳ್ಳುವನೆಂಬ ಭರವಸೆಯಿಲ್ಲ. ಹಿಂದಿನ ತಾಯಿತಂದೆಗಳು ಮಗುವನ್ನು ಯಾವ ಶಾಲೆಗೆ ಹಾಕಬೇಕೆಂಬದನ್ನಷ್ಟೇ ಯೋಚಿಸುತ್ತಿದ್ದರು. ಇಂದಿನವರಿಗೆ ಇನ್ನೊಂದು ಪ್ರಶ್ನೆಯು ಗಂಟುಬಿದ್ದಿದೆ: ಮಾಸ್ತರರ ಎದುರಿಗೆ ಕುಳಿತು ಕಲಿಯುವದು ಮೇಲೋ, ಮನೆಯಲ್ಲಿ ಮೊಬೈಲಿನ ಮುಂದೆ ಕುಳಿತು ಕಲಿಯುವದು ಮೇಲೋ, ಅಥವಾ ಎರಡನ್ನೂ ಕೂಡಿಸಿಕೊಳ್ಳುವದು ಮೇಲೋ? ಮೊದಲನೆಯದನ್ನು ಸಮಕ್ಷಪಾಠವೆಂದೂ, ಎರಡನೆಯದನ್ನು ಆನ್‌ಲೈನ್ ಪಾಠವೆಂದೂ, ಮೂರನೆಯದನ್ನು ಮಿಶ್ರಪಾಠವೆಂದೂ ಇಲ್ಲಿ ಕರೆಯೋಣ. ಬೆಳಗಾವಿ ಶಹರವನ್ನೂ, ಅಲ್ಲಿಂದ ಸುಮಾರು ೨೬ ಕಿಲೋಮೀಟರು ದೂರದಲ್ಲಿರುವ ಖಾನಾಪುರದ ಸೀಮೆಯನ್ನೂ ಕಣ್ಣೆದುರಿಗಿಟ್ಟುಕೊಂಡು ಈ ಮೂರನ್ನೂ ತೂಗಿ ನೋಡುವದು ಯುಕ್ತವಾಗಿ ತೋರುತ್ತದೆ.

ದೂರದಿಂದ ಕಲಿಸುವದು ನಮ್ಮ ನಾಡಿಗೆ ತೀರ ಹೊಸದಲ್ಲ. ೧೯೭೫ರ ಆಗಸ್ಟಿನಿಂದ ಒಂದು ವರುಷದ ಕಾಲ ಉಪಗ್ರಹದ ಮೂಲಕ ದೂರದರ್ಶನವನ್ನು ಹಳ್ಳಿಗಳಿಗೆ ಮುಟ್ಟಿಸುವ ಪ್ರಯೋಗವು ನಡೆದಾಗ, ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಶಾಲೆಯ ಮಕ್ಕಳಿಗೆಂದೇ ಮುಂಜಾನೆಯ ಕಾರ್ಯಕ್ರಮಗಳಿದ್ದವು. ಆದರೆ ಅಲ್ಲಿ ಮಕ್ಕಳು ಕೂಡಿ ಕುಳಿತು ನೋಡುತ್ತಿದ್ದರು. ಮಗುವು ಮನೆಯಲ್ಲಿ ಒಂಟಿಯಾಗಿ ಕುಳಿತು ಇಡಿಯ ಶಾಲೆಯನ್ನೇ ಅಂಗೈಯಗಲದ ಪರದೆಯಲ್ಲಿ ಕಾಣಬೇಕಾದ ಪ್ರಸಂಗವು ಬಂದದ್ದು ೨೦೨೦ರಲ್ಲಿ.

ಆ ವರುಷದ ಮಾರ್ಚಿನಲ್ಲಿ ಕೊರೋನಾ ಬೇನೆಯಿಂದ ಶಾಲೆಗಳು ಮುಚ್ಚಿದವು. ಎಂಟರಿಂದ ಹತ್ತನೆಯ ಇಯತ್ತೆಯ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ ಪಾಠಗಳು ಮೊದಲಾದವು. ಆಗಸ್ಟಿನಲ್ಲಿ ಸರಕಾರವು ‘ವಿದ್ಯಾಗಮ’ವೆಂಬ ಯೋಜನೆಯನ್ನು ಹೂಡಿತು, ಶಿಕ್ಷಕರು ತಾವೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಪಡಸಾಲೆಯಲ್ಲಿ, ಗಿಡದ ನೆರಳಿನಲ್ಲಿ ಪಾಠ ಹೇಳಿದರು. ಈ ಯೋಜನೆಯಲ್ಲಿ ಮಕ್ಕಳನ್ನು ವಿಂಗಡಿಸಿದ ಬಗೆಯು ಲಕ್ಷ್ಯದಲ್ಲಿಡತಕ್ಕದ್ದು: ಇಂಟರ್ನೆಟ್ ಇರುವ ಫೋನುಳ್ಳವರು, ಸಾದಾ ಫೋನುಳ್ಳವರು, ಯಾವ ಫೋನೂ ಇಲ್ಲದವರು. ಬುದ್ಧಿಯಿಂದಲ್ಲ, ಮನೆಯಲ್ಲಿರುವ ಯಂತ್ರದಿಂದ ಮಕ್ಕಳ ಸಾಲುಗಳನ್ನು ಮಾಡಬೇಕಾಯಿತು! ರೋಗಭಯದಿಂದ ಅಕ್ಟೋಬರದಲ್ಲಿ ಆ ಯೋಜನೆಯೂ ನಿಂತಿತು. ೨೦೨೧ರ ಜನವರಿಯಲ್ಲಿ ಹತ್ತನೆಯವರಿಗೆ ಶಾಲೆಯ ಬಾಗಿಲು ತೆರೆಯಿತು. ಬೇನೆಯು ಮತ್ತೆ ಹೆಚ್ಚಿ ಪರೀಕ್ಷೆಯು ಜುಲೈಗೆ ಹೋಯಿತು, ಎರಡೇ ದಿನಗಳಲ್ಲಿ ಮುಗಿಯಿತು.

ಇದರ ಪರಿಣಾಮವನ್ನು ಅಳೆದವರುಂಟು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ೨೦೨೧ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ೧೬,೦೬೭ ಮಕ್ಕಳನ್ನು ಪರೀಕ್ಷಿಸಿದರು. ಎರಡರಿಂದ ಆರನೆಯ ಇಯತ್ತೆಯ ಆ ಮಕ್ಕಳಲ್ಲಿ ನೂರಕ್ಕೆ ೯೨ ಮಂದಿಯು ಹಿಂದಿನ ವರುಷ ಬರುತ್ತಿದ್ದ ಭಾಷಾಕೌಶಲಗಳಲ್ಲಿ ಒಂದನ್ನಾದರೂ, ೮೨ ಮಂದಿಯು ಗಣಿತದ ಕೌಶಲಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಆ ತಲೆಮಾರಿನ ಮಕ್ಕಳೇ ವರುಷಕ್ಕೊಂದು ತಂಡವಾಗಿ ಹೈಸ್ಕೂಲಿನ ಮೆಟ್ಟಿಲೇರುತ್ತ ಬಂದಿದ್ದಾರೆ. ಆದುದರಿಂದ ಈ ವಿಚಾರವು ಮುಗಿದುಹೋದ ಕಥೆಯಲ್ಲ.

ಈಗ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದು ಬೆಳಗಾವಿಯ ಟಿಳಕವಾಡಿಯಲ್ಲಿದೆ. ತಂದೆಗೊಂದು ಫೋನು, ತಾಯಿಗೊಂದು ಫೋನು, ಮೂಲೆಯಲ್ಲೊಂದು ಕಂಪ್ಯೂಟರು. ಇನ್ನೊಂದು ಖಾನಾಪುರ ತಾಲೂಕಿನಲ್ಲಿ, ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಯ ಕಾಡಿನ ಮಗ್ಗುಲಲ್ಲಿದೆ. ಮನೆಗೆಲ್ಲ ಒಂದೇ ಫೋನು. ಅದು ಬೆಳಿಗ್ಗೆ ತಂದೆಯ ಕಿಸೆಯಲ್ಲಿ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮರಳುವದು. ಮಗನು ಹತ್ತನೆಯಲ್ಲಿ, ಮಗಳು ಒಂಬತ್ತನೆಯಲ್ಲಿ. ದಿಬ್ಬವೇರಿದರೆ ನೆಟ್‌ವರ್ಕ್ ಸಿಕ್ಕೀತು. ಆದರೆ ಕತ್ತಲಾದ ಮೇಲೆ ಮಗಳನ್ನು ದಿಬ್ಬಕ್ಕೆ ಕಳಿಸುವವರಾರು? ಫೋನು ಮಗನ ಕೈಗೆ ಹೋಗುವದು. ಮಗಳು ಒಲೆಯ ಮುಂದೆ ಕುಳಿತುಕೊಳ್ಳುವಳು. ಪಾಠವು ಒಂದೇ ಇದ್ದರೂ ಅದು ಮುಟ್ಟುವ ಮನೆಗಳು ಒಂದೇ ತೆರನಾಗಿರುವದಿಲ್ಲ. ಒಂದೇ ಮನೆಯೊಳಗೂ ಮಗನಿಗೆ ಮುಟ್ಟಿದ್ದು ಮಗಳಿಗೆ ಮುಟ್ಟೀತೆಂಬ ನಂಬಿಗೆಯಿಲ್ಲ.

ಸಮಕ್ಷಪಾಠದ ಹೆಚ್ಚಳವು ಇಲ್ಲಿಯೇ ಕಾಣುತ್ತದೆ. ಶಾಲೆಯ ಬೆಂಚು ಮಗ, ಮಗಳೆಂಬ ಭೇದವನ್ನು ಎಣಿಸುವದಿಲ್ಲ. ಮಾಸ್ತರರು “ತಿಳೀತೇನ್ರೋ?” ಎಂದು ಕೇಳಿದಾಗ ಇಡಿಯ ವರ್ಗವು “ಹೂಂ ರೀ” ಎಂದು ಒಕ್ಕೊರಲಿನಿಂದ ಕೂಗುವದು; ಆದರೆ ಮೂರನೆಯ ಸಾಲಿನ ಒಂದು ಮೋರೆಯನ್ನು ಕಂಡೊಡನೆ, ಇವಳಿಗೆ ತಿಳಿಯಲಿಲ್ಲವೆಂದು ಅನುಭವಸ್ಥರು ಅರಿಯುವರು. ಖಾನಾಪುರದ ಕಡೆಗೆ ಇನ್ನೊಂದು ವಿಶೇಷವುಂಟು. ಅಲ್ಲಿಯ ಅನೇಕ ಮನೆಗಳ ಮಾತು ಮರಾಠಿ. ಮಗುವು ಕಲಿಯುವ ಶಾಲೆಯು ಕನ್ನಡದ್ದಾಗಿರಬಹುದು. ವಿಜ್ಞಾನದ ಪುಸ್ತಕದಲ್ಲಿ ‘ಆವೀಕರಣ’ವೆಂಬ ಶಬ್ದವು ಬಂದರೆ ಮಗುವು ಕಕ್ಕಾಬಿಕ್ಕಿಯಾಗುವದು ಸಹಜ. ಎದುರಿಗಿದ್ದ ಶಿಕ್ಷಕಿಯು ಮಗುವಿನ ಮನೆಮಾತಿನಲ್ಲಿ ಒಂದು ಮಾತು ಹೇಳಿ, ಗೋಡೆಗೆ ಒರಗಿಸಿದ ಹಸಿ ಕೊಡೆಯು ಒಣಗುವದನ್ನು ತೋರಿಸಿ, ಮುಂದಕ್ಕೆ ಸಾಗುವಳು. ಎಲ್ಲರಿಗಾಗಿ ಮೊದಲೇ ಸಿದ್ಧಪಡಿಸಿದ ಪಾಠಕ್ಕೆ ಆ ಕೊಡೆಯು ಕಾಣುವದಿಲ್ಲ.

ಆದಾಗ್ಯೂ ಸಮಕ್ಷಪಾಠದಲ್ಲಿ ದೋಷವಿಲ್ಲವೆಂದಲ್ಲ. ವರ್ಗವು ದೊಡ್ಡದಾದರೆ ಚುರುಕಿನವನೂ ಮಂದನೂ ಒಂದೇ ನಡಿಗೆಯಲ್ಲಿ ನಡೆಯಬೇಕು. ಜ್ವರ ಬಂದು ನಾಲ್ಕು ದಿನ ತಪ್ಪಿದವನಿಗೆ ಆ ನಾಲ್ಕು ಪಾಠಗಳು ಮರಳಿ ಬರುವದಿಲ್ಲ. ಸಹ್ಯಾದ್ರಿಯ ಸೆರಗಿನ ಮಳೆಯು ಜುಲೈದಲ್ಲಿ ಹಳ್ಳಕೊಳ್ಳಗಳನ್ನು ತುಂಬಿಸಿದಾಗ ಶಾಲೆಗೆ ರಜೆ ಕೊಡದೆ ಗತಿಯಿರುವದಿಲ್ಲ. ಇಂಥಲ್ಲಿ ಆನ್‌ಲೈನ್ ಪಾಠದ ಗುಣವನ್ನು ಮೆಚ್ಚಬೇಕು: ಅದು ಬೇಸರಿಸುವದಿಲ್ಲ. ಪ್ರಮೇಯವೊಂದನ್ನು ಹತ್ತು ಸಲ ಕೇಳಿದರೂ ಹತ್ತು ಸಲ ಹೇಳುವದು. ಹೃದಯದಲ್ಲಿ ರಕ್ತವು ಹರಿಯುವ ಬಗೆಯನ್ನು ಕರಿಹಲಗೆಗಿಂತ ಚೆನ್ನಾಗಿ ತೋರಿಸುವದು. ಆದರೆ ತನಗೆ ಏನು ತಿಳಿದಿಲ್ಲವೆಂಬದನ್ನು ಬಲ್ಲವನಿಗೆ ಮಾತ್ರ ಅದು ಪೂರ್ಣ ಉಪಯೋಗಿಯು. ಅದನ್ನರಿಯದ ಮಗುವು ನೋಡಿದ್ದನ್ನೇ ಕಲಿತದ್ದೆಂದು ಭ್ರಮಿಸುವದು. ಪಾಠದ ಪಕ್ಕದಲ್ಲಿಯೇ ಆಟಪಾಟಗಳೂ ಅದೇ ಪರದೆಯಲ್ಲಿರುವಾಗ ಮನಸ್ಸು ಜಾರುವದು ಸೋಜಿಗವಲ್ಲ.

ಹಾಗಾದರೆ ಮಿಶ್ರಪಾಠವೇ ಸರಿಯೇ? ಅಮೇರಿಕೆಯ ಶಿಕ್ಷಣ ಇಲಾಖೆಯು ೨೦೧೦ರಲ್ಲಿ ಹೊರಡಿಸಿದ ವರದಿಯಲ್ಲಿ, ಅನೇಕ ಪರಿಶೋಧನೆಗಳನ್ನು ಕೂಡಿಸಿ ನೋಡಲಾಗಿ, ಬರಿಯ ಸಮಕ್ಷಪಾಠಕ್ಕಿಂತ ಮಿಶ್ರಪಾಠವು ಹೆಚ್ಚಿನ ಫಲ ಕೊಟ್ಟಿತೆಂದಿದೆ. ಆದರೆ ಆ ವರದಿಯೇ ಎರಡು ಎಚ್ಚರಿಕೆಗಳನ್ನು ಕೊಟ್ಟಿದೆ: ಮಿಶ್ರಪಾಠದವರಿಗೆ ಓದಿನ ವೇಳೆಯೂ ಸಾಮಗ್ರಿಯೂ ಹೆಚ್ಚಾಗಿ ದೊರೆತಿದ್ದವು, ಪರಿಶೋಧನೆಗೆ ಒಳಗಾದವರಲ್ಲಿ ಶಾಲೆಯ ಮಕ್ಕಳು ಬಹಳ ಕಡಿಮೆ. ಎಂದರೆ ಫಲವು ಯಂತ್ರದ್ದಲ್ಲ, ಹೆಚ್ಚಿನ ಓದಿನದು ಎನ್ನಲು ಸಾಕಷ್ಟು ಎಡೆಯಿದೆ.

ನಮಗೆ ತೋರುವದೇನೆಂದರೆ, ಮಿಶ್ರಣದಲ್ಲಿ ಯಾವುದು ಅನ್ನ, ಯಾವುದು ಉಪ್ಪಿನಕಾಯಿ ಎಂಬ ವಿವೇಕವಿರಬೇಕು. ಹೊಸ ಪಾಠವು ಶಾಲೆಯಲ್ಲಿ, ಮಾಸ್ತರರ ಎದುರಿಗೆ ಆಗಲಿ. ಮನೆಯಲ್ಲಿ ಅರ್ಧ ತಾಸು ಅದನ್ನೇ ಪರದೆಯ ಮೇಲೆ ಮತ್ತೆ ನೋಡಲಿ. ತಿಳಿಯದ್ದನ್ನು ವಹಿಯಲ್ಲಿ ಬರೆದುಕೊಂಡು ಮರುದಿನ ಶಾಲೆಯಲ್ಲಿ ಕೇಳಲಿ. ಈ ಮೂರು ಕೊಂಡಿಗಳಲ್ಲಿ ಕೊನೆಯದು ಕಳಚಿದರೆ ಉಳಿದ ಎರಡರಿಂದ ಪ್ರಯೋಜನವು ಅಲ್ಪವು.

ಖಾನಾಪುರದಂಥ ಸೀಮೆಗೆ ಇದನ್ನು ಹೊಂದಿಸುವದು ಅಶಕ್ಯವಲ್ಲ. ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಚೌಕಳಿ ಗುರುತನ್ನು ಫೋನಿಗೆ ತೋರಿಸಿದರೆ ‘ದೀಕ್ಷಾ’ದ ಪಾಠಗಳು ತೆರೆಯುತ್ತವೆ, ಅವನ್ನು ನೆಟ್‌ವರ್ಕ್ ಇರುವಲ್ಲಿ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಮಳೆಗಾಲಕ್ಕೆ ಕಟ್ಟಿಗೆಯನ್ನೂ ಕಾಳನ್ನೂ ಮೊದಲೇ ಕೂಡಿಡುವ ಜಾಣ್ಮೆಯು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಪಾಠವನ್ನೂ ಹಾಗೆಯೇ, ಸಂತೆಗೆ ಪೇಟೆಗೆ ಹೋದ ದಿನ, ಕೂಡಿಡಬಹುದು. ಫೋನಿಲ್ಲದ ಮನೆಯ ಮಗುವನ್ನು ನೆರೆಮನೆಯವರು ತಮ್ಮ ಮಕ್ಕಳ ಜೊತೆಗೆ ಕೂಡ್ರಿಸಿಕೊಳ್ಳಲಿ. ಮೂವರು ಕೂಡಿ ನೋಡಿದರೆ ಚರ್ಚೆಯಾದರೂ ಆಗುವದು.

ಶಹರದ ಗೃಹಸ್ಥರಿಗೂ ಒಂದು ಮಾತು. ಮಗುವಿನ ಕೈಗೆ ಯಂತ್ರವನ್ನು ಕೊಟ್ಟೊಡನೆ ನಮ್ಮ ಹೊಣೆಯು ಮುಗಿಯಲಿಲ್ಲ. ಬಾಗಿಲು ಮುಚ್ಚಿದ ಕೋಣೆಗಿಂತ ಪಡಸಾಲೆಯು ಓದಿಗೆ ಮೇಲು. ಮನೆಯಲ್ಲಿ ಇಬ್ಬರು ಮಕ್ಕಳಿದ್ದು ಫೋನು ಒಂದೇ ಇದ್ದರೆ, ಶಹರವಾಗಲಿ ಹಳ್ಳಿಯಾಗಲಿ, ವೇಳೆಯನ್ನು ಗಡಿಯಾರ ನೋಡಿ ಹಂಚಬೇಕು; ಮಗಳ ಪಾಲು ಅಡಿಗೆಮನೆಗೆ ಹೋಗದಂತೆ ತಾಯಿಯೇ ಕಾವಲಿರಬೇಕು. ತಾಯಿತಂದೆಗಳು ತಾವು ಓದಿದವರಲ್ಲವೆಂದು ಹಿಂಜರಿಯಬೇಕಾಗಿಲ್ಲ. ಸಂಜೆ ಮಗುವನ್ನು ಹತ್ತಿರ ಕರೆದು, “ಇವತ್ತ ನಿನಗ ಏನು ತಿಳೀಲಿಲ್ಲ?” ಎಂದು ಕೇಳಿ, ಅದನ್ನು ನಾಳೆ ಮಾಸ್ತರರಿಗೆ ಕೇಳೆಂದು ಹೇಳಿ ಕಳಿಸುವದಕ್ಕೆ ಯಾವ ಪದವಿಯೂ ಬೇಡ.